ಸೈಕಲ್ ಹಿಡಿದು ನಿಲ್ಲುವವರು

ಆ ಸಂಜೆ ಅತ್ತಿಗೆ ಕರಿಯವ್ವ ರೊಟ್ಟಿ ಬಡಿಯಲಿಲ್ಲ. ಆರು ತಿಂಗಳ ಬಸುರಿ, ಹಗಲೆಲ್ಲ ಭತ್ತ ಕೊಯ್ದು ಬಂದಿದ್ದಳು. ಒಲೆಯ ಮುಂದೆ ಕೂತರೆ ಝಳಕ್ಕೆ ಕಣ್ಣು ಕತ್ತಲೆ ಬರುತ್ತದೆ ಎಂದು ಗದ್ದೆಯಲ್ಲೇ ನನಗೆ ಹೇಳಿದ್ದಳು. ನಾನು ನೀರಿಗೆ ಹೋಗಿ ಬರುವಷ್ಟರಲ್ಲಿ, ಅಣ್ಣ ವಿರುಪಣ್ಣ ಗಂಗಾವತಿಯ ಅಕ್ಕಿ ಮಿಲ್ಲಿನಿಂದ ತಂದ ನುಚ್ಚಕ್ಕಿಯನ್ನು ಬೇಯಿಸಿ ಇಳಿಸಿದ್ದಳು.

ಅಪ್ಪ ತಾಟಿನ ಮುಂದೆ ಕೂತು ಅನ್ನ ನೋಡಿದ.

"ರೊಟ್ಟಿ ಎಲ್ಲೈತಿ?"

"ಇವತ್ತೊಂದಿನ ಅನ್ನ ಉಣ್ರಿ ಮಾವ," ಎಂದಳು ಅತ್ತಿಗೆ ಸೆರಗು ಎಳೆದುಕೊಂಡು.

"ರಾತ್ರಿ ಅನ್ನ ಉಂಡವ ಮುಂಜಾನೆದ್ದು ತೂಬು ಎತ್ತತಾನೇನ? ಹೊಟ್ಟಿ ಒಳಗ ನಿಲ್ಲಬೇಕಲ್ಲ ಅದು."

ಅಪ್ಪನದು ಕಾಲುವೆಯ ತೂಬುಗಳನ್ನು ಎತ್ತಿ ಇಳಿಸುವ ದಿನಗೂಲಿ ಕೆಲಸ. ಹೆಸರು ಓಬಳೆಪ್ಪ. ಆದರೆ ಈ ಕಡೆಯವರು ಅವನನ್ನು 'ರೊಟ್ಟಿ ಓಬಳೆಪ್ಪ' ಎಂದೇ ಕರೆಯುತ್ತಿದ್ದರು, ಅದು ಅವನಿಗೂ ಗೊತ್ತಿತ್ತು.

ಅಣ್ಣ ತಲೆ ಎತ್ತದೆ ಅನ್ನ ಕಲಸುತ್ತ ಹೇಳಿದ: "ಈ ಸೀಮಿಯೊಳಗ ಎಲ್ಲಾರೂ ಅನ್ನನ ಉಂತಾರ. ಯಾರೂ ಸತ್ತಿಲ್ಲ."

"ಅವರು ಅನ್ನದಾಗ ಹುಟ್ಯಾರ. ನಾವು ಯಲಬುರ್ಗಿ ಕಡೆಯವರು. ಜ್ವಾಳದ ಎಲುಬು ಇದು."

"ಯಲಬುರ್ಗಿಯೊಳಗ ತಿನ್ನಾಕ ಜ್ವಾಳ ಇದ್ದಿದ್ರ ಇಲ್ಲಿಗ್ಯಾಕ ಬರತಿದ್ವಿ? ಪುಕ್ಕಟ ಬಂದ ನುಚ್ಚು ಬಿಟ್ಟು ಸಂತ್ಯಾಗ ಜ್ವಾಳ ಕೊಳ್ಳಬೇಕಂತ. ಬಸುರಿ ಹೆಂಗಸು ಕುಂತು ಬಡೀಬೇಕಂತ. ನಿನಗ ಬಾಯಿರುಚಿ, ಅಕಿಗೆ ಜೀವ!"

ಅಪ್ಪ ತಾಟನ್ನು ಎಸೆಯಲಿಲ್ಲ. ಜನ ಆಮೇಲೆ ಎಸೆದ ಎಂದು ಹೇಳಿದರು. ಅವನು ಕೈಯಿಂದ ದೂಡಿದ ಅಷ್ಟೇ. ಆದರೆ ನೆಲ ಇಳಿಜಾರಾಗಿತ್ತು. ತಾಟು ಜಾರಿ ಹೊಸ್ತಿಲಿಗೆ ಬಡಿದು ಅನ್ನವೆಲ್ಲ ಅಂಗಳಕ್ಕೆ ಚೆಲ್ಲಿತು. ಅಪ್ಪನ ತಾಯಿ, ನಮ್ಮ ಅಜ್ಜಿ ಮುದುಕಮ್ಮ, "ಅಯ್ಯಯ್ಯ, ಅನ್ನಪ್ಪ ದೇವರೋ!" ಎಂದು ಮೊಣಕಾಲೂರಿ ಬಳಿಯತೊಡಗಿದಳು. ಅಣ್ಣ ಎದ್ದು ಕೈ ತೊಳೆದ. ಮರುದಿನ ಅಂಗಳದ ಆಚೆ ಬದಿಯ ಸೌದೆ ಇಡುವ ಕೋಣೆಯನ್ನು ಖಾಲಿ ಮಾಡಿ, ಮೂರು ಕಲ್ಲು ಇಟ್ಟು ಬೇರೆ ಒಲೆ ಹೂಡಿದ.

ಅವ್ವ ಇದ್ದಿದ್ದರೆ ಏನು ಮಾಡುತ್ತಿದ್ದಳೋ ಗೊತ್ತಿಲ್ಲ. ಅವಳು ಸತ್ತ ವರ್ಷವೇ ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು ರೊಟ್ಟಿ ಬಡಿಯಲು ಕೂತವಳು. ನನ್ನ ಹೆಸರು ಪಕ್ಕೀರವ್ವ. ಒಲೆ ಎರಡಾದಾಗ ನಾನು ಯಾವ ಒಲೆಯವಳು ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೆಳಿಗ್ಗೆ ಅಪ್ಪನ ಒಲೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಸಂಜೆ ಅತ್ತಿಗೆಗೆ ಭಾರ ಎತ್ತಲು ಆಗದೆಂದು ಅಲ್ಲಿಗೆ ನೀರು ಹೊತ್ತು, ಮುಸುರೆ ತೊಳೆದು ಬರುತ್ತಿದ್ದೆ.

ನಾನು ಹೊರಟಾಗ ಅತ್ತಿಗೆ, "ಹೋಗು, ಮಾವ ರೊಟ್ಟಿ ಇಟ್ಕೊಂಡು ದಾರಿ ನೋಡ್ತಿರ್ತಾರ," ಎನ್ನುತ್ತಿದ್ದಳು. ಈ ಬದಿಗೆ ಬಂದರೆ ಬುಟ್ಟಿಯಲ್ಲಿ ರೊಟ್ಟಿ ಇರುತ್ತಿರಲಿಲ್ಲ. "ಅಲ್ಲೇ ಅನ್ನ ಉಂಡು ಬಂದಿರ್ತಿ ಬಿಡು, ಅದಕ್ಕ ಉಳದದ್ದು ನಾನ ಉಂಡೆ," ಎನ್ನುತ್ತಿದ್ದ ಅಪ್ಪ ಹಲ್ಲು ಚುಚ್ಚಿಕೊಳ್ಳುತ್ತ. ನಾನು ಹ್ಞೂಂ ಎನ್ನುತ್ತಿದ್ದೆ. ಇಲ್ಲ ಎಂದರೆ ಅಪ್ಪ ಅದನ್ನು ಅಂಗಳಕ್ಕೆ ನಿಂತು ಕೂಗುತ್ತಿದ್ದ: ಗಂಡ ಹೆಂಡತಿ ಹುಡುಗಿಯಿಂದ ದುಡಿಸಿಕೊಂಡು ತುತ್ತು ಹಾಕಲಿಲ್ಲ ಎಂದು. ಒಂದು ಚೆಂಬು ನೀರು ಕುಡಿದು ಮಲಗಿದರೆ ಅಷ್ಟಕ್ಕೆ ಮುಗಿಯುತ್ತಿತ್ತು.

ಅಜ್ಜಿಯದು ಮಾತ್ರ ಬೇರೆ ಲೆಕ್ಕ. ಅವಳಿಗೆ ಹಲ್ಲಿರಲಿಲ್ಲ. ಮಗನ ಮುಂದೆ ರೊಟ್ಟಿಯ ಪಕ್ಷ, ಮಗ ತೂಬಿಗೆ ಹೋದ ಕೂಡಲೇ ಅನ್ನದ ಪಕ್ಷ. ಮಧ್ಯಾಹ್ನ ಅಂಗಳ ದಾಟಿ ಹೋಗಿ ಮೊಮ್ಮಗನ ಮನೆಯ ಮೆತ್ತನೆಯ ಅನ್ನ ಉಂಡು, ಬಾಯಿ ಒರೆಸಿಕೊಂಡು ಬಂದು ಕಟ್ಟೆಯ ಮೇಲೆ ಕೂರುತ್ತಿದ್ದಳು.

"ಯಾರಿಗೂ ಹೇಳಬ್ಯಾಡ," ಎಂದು ನನಗೆ ಹೇಳುತ್ತಿದ್ದಳು. "ನೀನು ಹೇಳಂಗಿಲ್ಲ ಬಿಡು, ನಿನಗ ಬಾಯಿನ ಇಲ್ಲ."

ಅಪ್ಪನೂ ಅಣ್ಣನೂ ಮಾತು ಬಿಟ್ಟರು. ಏನಿದ್ದರೂ ನನ್ನ ಮೂಲಕ. ಹತ್ತು ಹೆಜ್ಜೆಯ ಅಂಗಳ, ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಕೇಳುತ್ತದೆ. ಆದರೂ ಅಪ್ಪ, "ಸೈಕಲ್ಲಿನಾಗ ನಂದೂ ಅರ್ಧ ಐತಿ ಅಂತ ನಿಮ್ಮಣ್ಣಗ ಹೇಳು," ಎನ್ನುತ್ತಿದ್ದ. ನಾನು ಅಂಗಳ ದಾಟುವ ಮೊದಲೇ ಅಣ್ಣ, "ಮಿಲ್ಲು ದೂರ ಐತಿ, ತೂಬು ಮನಿ ಮುಂದ ಐತಿ ಅಂತ ನಿಮ್ಮಪ್ಪಗ ಹೇಳು," ಎನ್ನುತ್ತಿದ್ದ. ನಾನು ಅಂಗಳದ ನಡುವೆ ನಿಂತುಬಿಡುತ್ತಿದ್ದೆ. ಮುಂದೆ ಹೋಗಿ ಹೇಳುವಂಥದ್ದು ಏನೂ ಉಳಿದಿರುತ್ತಿರಲಿಲ್ಲ.

ಡಿಸೆಂಬರ್ ಕೊನೆಗೆ ಒಂದು ದಿನ ಕಾಲುವೆಯ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದೆವು. ಪಕ್ಕದ ಮನೆಯ ಸರ್ದಾರಬೀಯ ಹಿತ್ತಾಳೆ ಕೊಡ ಕೈ ಜಾರಿ ನೀರಿಗೆ ಹೋಯಿತು. ಅವಳು ಬಾಯಿ ಬಡಿದುಕೊಂಡಳು. ನಾನು ಸೀರೆ ಕಚ್ಚೆ ಹಾಕಿ ಇಳಿದೆ, ಮುಳುಗಿದೆ, ಕೊಡದ ಕಂಠ ಹಿಡಿದು ಮೇಲೆ ಬಂದೆ. ನನಗೆ ಇದು ಹೊಸದಲ್ಲ. ಯಲಬುರ್ಗಾ ಕಡೆಯ ನಮ್ಮ ಹಳ್ಳಿಯಲ್ಲಿ ಒಂದೇ ಬಾವಿ. ಹಗ್ಗ ಹರಿದು ಯಾರ ಕೊಡ ಬಿದ್ದರೂ ನನ್ನನ್ನು ಕರೆಯುತ್ತಿದ್ದರು. ತೆಗೆದುಕೊಟ್ಟರೆ ಬೆಲ್ಲದ ಚೂರೋ ಹಿಡಿ ಶೇಂಗಾವೋ ಸಿಗುತ್ತಿತ್ತು. ಈಜು ಕಲಿಸಿದವನು ಅಣ್ಣ. ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ಬಾವಿಗೆ ಇಳಿಸಿದ್ದ. ಅಪ್ಪ ನನ್ನ ನಡುವಿಗೆ ಕಟ್ಟಿದ ಹಗ್ಗ ಹಿಡಿದು ಮೇಲೆ ನಿಂತಿದ್ದ. "ಗೋಡಿ ಬಲಗೈಗೆ ಇಟ್ಕೊಂಡು ಸುತ್ತು ಹಾಕು, ಅಂಜಿಕಿ ಬಂದ್ರ ಗೋಡಿ ಹಿಡಿ," ಎಂದು ಅಣ್ಣ ನೀರಿನಲ್ಲಿ ಹೇಳುತ್ತಿದ್ದರೆ, "ಹಗ್ಗ ನನ್ನ ಕೈಯಾಗ ಐತಿ ಮಗಳ," ಎಂದು ಅಪ್ಪ ಮೇಲಿನಿಂದ ಕೂಗುತ್ತಿದ್ದ.

ಕೊಡ ತಂದದ್ದನ್ನು ಸೇತುವೆಯ ಮೇಲಿಂದ ಟಿಪ್ಪುಸಾಬರು ನೋಡಿದ್ದರು. ಹೈಸ್ಕೂಲಿನ ಡ್ರಿಲ್ ಮಾಸ್ತರರು. ಮೂಗಿನ ಕೆಳಗೆ ಬಿಳಿ ಮೀಸೆ, ಕೊರಳಲ್ಲಿ ಸದಾ ಸೀಟಿ. ಪುಣೆಯ ಯಾವುದೋ ತರಬೇತಿಯಲ್ಲಿ ಕೇಳಿ ಬಂದ ಒಂದು ಪಂದ್ಯವನ್ನು ಜನವರಿ ಇಪ್ಪತ್ತಾರಕ್ಕೆ ಇಲ್ಲಿ ನಡೆಸಬೇಕೆಂದು ಅವರಿಗೆ ಹುಚ್ಚು ಹಿಡಿದಿತ್ತು. ಮೊದಲು ಈಜಬೇಕು, ನೀರಿನಿಂದ ಎದ್ದು ಹಾಗೇ ಸೈಕಲ್ ತುಳಿಯಬೇಕು, ಸೈಕಲ್ ಬಿಟ್ಟು ಹಾಗೇ ಓಡಬೇಕು. ಟ್ರಯಥ್ಲಾನ್ ಎಂದು ಅದರ ಹೆಸರು. ಯಾರ ನಾಲಿಗೆಗೂ ಅದು ಹತ್ತಲಿಲ್ಲ. ಜನ ಮೂರಾಟ ಎಂದರು.

"ತಂಗಿ, ಹೆಣ್ಮಕ್ಕಳದೂ ಒಂದು ಮಾಡ್ಬೇಕಂತ ಮ್ಯಾಲಿನವರು ಹೇಳ್ಯಾರ. ನಿನ್ನ ಹೆಸರು ಬರಕೊಳ್ಳಲೇನು?"

ನಾನು ನೆಲ ನೋಡಿದೆ. ಸರ್ದಾರಬೀಯ ಮಗಳು ಮೆಹರುನಬಿ ನನ್ನ ಪಕ್ಕೆಗೆ ತಿವಿದಳು. "ಬರಕೋರಿ ಮಾಸ್ತರ. ನಂದೂ ಬರಕೋರಿ. ಇಕಿ ನೀರಾಗ ಗೆಲ್ತಾಳ, ನಾ ಸೈಕಲ್‌ನಾಗ ಗೆಲ್ತೀನಿ, ಓಡೋದು ಅರ್ಧರ್ಧ ಹಂಚಿಕೋತೀವಿ."

ಮಾಸ್ತರರು ನಕ್ಕರು. ಆಮೇಲೆ ಒಂದು ಮಾತು ಹೇಳಿದರು. "ಸೈಕಲ್ ನಿಲ್ಸಾಕ ಅಲ್ಲಿ ಏನೂ ಇಲ್ಲ. ನೀರಿಂದ ಏಳೋ ಹೊತ್ತಿಗೆ ನಿಮ್ಮ ನಿಮ್ಮ ಮನಿಯವರು ಸೈಕಲ್ ಹಿಡಕೊಂಡು ದಂಡಿಮ್ಯಾಗ ನಿಂತಿರಬೇಕು. ಒಂದು ಒಣ ಬಟ್ಟಿ ತರಬೇಕು. ಅಷ್ಟ."

ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಸೈಕಲ್ ಇಬ್ಬರದು. ಹಿಡಿಯಲು ಅಪ್ಪನೂ ಬಂದಾನು, ಅಣ್ಣನೂ ಬಂದಾನು. ಬಂದರೆ ಒಂದೇ ಜಾಗದಲ್ಲಿ ನಿಲ್ಲಬೇಕು. ಒಬ್ಬರ ಕೈ ಹ್ಯಾಂಡಲ್ಲಿಗೆ, ಇನ್ನೊಬ್ಬರ ಕೈ ಸೀಟಿಗೆ. ನಾನು ನೀರಿನಿಂದ ಏಳುವಾಗ ಇಬ್ಬರೂ ನನ್ನನ್ನೇ ನೋಡುತ್ತಿರಬೇಕು. ನನಗೆ ಬೇಕಾದದ್ದು ಅಷ್ಟು. ಬಹುಮಾನ ಏನೆಂದೂ ಕೇಳಲಿಲ್ಲ.

ಮನೆಯಲ್ಲಿ ಮೊದಲು ಕೂಗಾಡಿದವಳು ಅಜ್ಜಿ.

"ಗಂಡಸರ ಮುಂದ ಕಚ್ಚಿ ಹಾಕ್ಕೊಂಡು ನೀರಿಗೆ ಬೀಳ್ತಿಯೇನ?"

"ಗದ್ದ್ಯಾಗ ದಿನಾ ಹಾಕ್ಕೊಳ್ತೀವಲ್ಲಜ್ಜಿ."

"ಗದ್ದ್ಯಾಗ ಬಗ್ಗಿರ್ತೀರಿ. ಅಲ್ಲಿ ನೆಟ್ಟಗ ನಿಂದರ್ತಿ!"

ಅಪ್ಪ ರೊಟ್ಟಿ ಮುರಿಯುತ್ತ ಕೇಳುತ್ತಿದ್ದ. "ಕಾಲುವಿ ಬಾವಿ ಅಲ್ಲ," ಎಂದ ಕೊನೆಗೆ. "ಬಾವಿ ನೀರು ನಿನ್ನ ಕೂಡ ನಿಂದರ್ತೈತಿ. ಇದು ಎಳಕೊಂಡು ಹೋಗ್ತೈತಿ. ಎಳಿಯೋದನ್ನ ಎದುರಿಸಬ್ಯಾಡ, ಅದರ ಬೆನ್ನು ಹತ್ತು." ಅಷ್ಟು ಹೇಳಿದ್ದೇ ಒಪ್ಪಿಗೆ. ಸೈಕಲ್ ಹಿಡಿಯಲು ಬರುವೆಯಾ ಎಂದೆ. "ಬರ್ತೀನಿ ಬಿಡು. ಒಂದು ತಾಸಿನ ಕೆಲಸ."

ಅಂಗಳ ದಾಟಿ ಅಣ್ಣನಿಗೂ ಹೇಳಿದೆ. ಅವನು ಒಂದು ಗಳಿಗೆ ನಕ್ಕ. ಒಲೆ ಬೇರೆಯಾದ ಮೇಲೆ ಅವನು ನಕ್ಕದ್ದು ಅದೇ ಮೊದಲು. "ಬುರುಡಿ ಕಟ್ಟಬೇಕೇನ ಬೆನ್ನಿಗೆ?" ಎಂದ. "ಸೈಕಲ್ ಒಯ್ಯಿ. ಮಿಲ್ಲಿನಾಗ ಕೇಳ್ಕೊಂಡು ನಾನೂ ಬರ್ತೀನಿ."

ಮುಂದಿನ ದಿನಗಳು ಚೆನ್ನಾಗಿದ್ದವು. ಗದ್ದೆಯಲ್ಲಿ ಸಸಿ ನಾಟಿ ಮಾಡಿ ಬಂದು ಸಂಜೆ ಕಾಲುವೆಯ ಏರಿಯ ಮೇಲೆ ನಾನೂ ಮೆಹರುನಬಿಯೂ ಸರದಿಯಲ್ಲಿ ಅವಳ ಅಣ್ಣನ ಸೈಕಲ್ ತುಳಿಯುತ್ತಿದ್ದೆವು. ಅದು ಗಂಡಸರ ಸೈಕಲ್. ಸೀಟಿನ ಮೇಲೆ ಕೂತರೆ ಕಾಲು ಎಟುಕದು. ಪೈಪಿನ ಒಳಗೆ ಕಾಲು ತೂರಿಸಿ, ಮೈ ಒಂದು ಕಡೆ ವಾಲಿಸಿ ತುಳಿಯಬೇಕು. ಮೆಹರುನಬಿ ಬಿದ್ದಾಗಲೆಲ್ಲ ಎದ್ದು ಸೈಕಲ್ಲಿಗೆ ಒಂದು ಏಟು ಹಾಕುತ್ತಿದ್ದಳು. ಅವಳ ಜೊತೆಗಿದ್ದರೆ ನನಗೂ ಮಾತು ಬರುತ್ತಿತ್ತು. ಆದರೆ ಪಂದ್ಯಕ್ಕೆ ವಾರವಿದೆ ಎನ್ನುವಾಗ ಕೊಪ್ಪಳದಿಂದ ಅವಳ ಅಕ್ಕನ ಹೆರಿಗೆಯ ಸುದ್ದಿ ಬಂತು. ಬಾಣಂತನಕ್ಕೆ ಅವಳನ್ನು ಕಳಿಸಿದರು. ಬಸ್ಸಿನ ಕಿಟಕಿಯಿಂದ, "ನನ್ನ ಪಾಲಿಂದೂ ನೀನ ಓಡು!" ಎಂದು ಕೂಗಿದಳು.

ತಪ್ಪಾದದ್ದು ಎಲ್ಲಿ ಎಂದರೆ, ನಾನು ಇಬ್ಬರಿಗೂ ನಿಜ ಹೇಳಿದೆ. ಹಿಂದಿನ ದಿನ ಅಪ್ಪನ ತಲೆಗೆ ಎಣ್ಣೆ ಹಚ್ಚುತ್ತ, ಖುಷಿಯಾದಾನೆಂದು, "ಅಣ್ಣನೂ ಬರ್ತೀನಂದಾನ," ಎಂದೆ.

ಅಪ್ಪನ ಕತ್ತು ನನ್ನ ಕೈಯಡಿಯಲ್ಲಿ ಬಿಗಿಯಾಯಿತು. "ಛಲೋ ಆತು," ಎಂದ.

ಸಂಜೆ ಅಣ್ಣನಿಗೆ, "ಅಪ್ಪನೂ ಬರ್ತಾನ," ಎಂದೆ. ಅವನು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. "ಹೌದಾ? ಆತು ಹಂಗಾದ್ರ," ಎಂದ. ಇಬ್ಬರ ಮಾತೂ ನನಗೆ ಒಳ್ಳೆಯದಾಗಿಯೇ ಕೇಳಿಸಿತು.

ಜನವರಿ ಇಪ್ಪತ್ತಾರರ ಬೆಳಿಗ್ಗೆ ಮಂಜು ಬಿದ್ದಿತ್ತು. ಅಪ್ಪ ನಾನು ಏಳುವ ಮೊದಲೇ ತೂಬಿಗೆ ಹೋಗಿದ್ದ. ಅಣ್ಣ ಯಾರದೋ ಸೈಕಲ್ಲಿನ ಹಿಂದೆ ಕೂತು ಮಿಲ್ಲಿಗೆ ಹೋಗಿದ್ದ. ನಮ್ಮ ಸೈಕಲ್ಲನ್ನು ಅಂಗಳದ ನಡುವೆ, ಎರಡು ಬಾಗಿಲಿಗೂ ಸಮನಾಗಿ, ನಿಲ್ಲಿಸಿದ್ದ. ಅಲ್ಲಿಂದಲೇ ನೇರ ಬರುತ್ತಾರೆ ಎಂದುಕೊಂಡು ನಾನು ಅವ್ವನ ಹಳೆಯ ಸೀರೆಯ ಕಚ್ಚೆ ಬಿಗಿದು, ಹೆಗಲಿಗೆ ಒಂದು ಒಣ ಟವೆಲ್ ಹಾಕಿಕೊಂಡು, ಸೈಕಲ್ ತಳ್ಳುತ್ತ ಹೊರಟೆ. ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿದಳು. ಅವಳಿಗೆ ಅಷ್ಟು ದೂರ ನಡೆಯಲು ಆಗುತ್ತಿರಲಿಲ್ಲ.

ಸೇತುವೆಯ ಬಳಿ ಬ್ಯಾಂಡು ಬಾರಿಸುತ್ತಿದ್ದರು. ಒಂದು ಜೀಪು ಬಂದಿತ್ತು. ಗಂಡಸರ ಪಂದ್ಯ ಮೊದಲು. ಚಡ್ಡಿ ಹಾಕಿದ ಹುಡುಗರು ನೀರಿಗೆ ಜಿಗಿದರು, ಜನ ಏರಿಯ ಮೇಲೆ ಅವರ ಜೊತೆ ಓಡಿದರು. ಮುಂದಿನ ಸೇತುವೆಯ ಹತ್ತಿರ ಅವರವರ ಅಣ್ಣ, ಅಪ್ಪ, ದೋಸ್ತರು ಸೈಕಲ್ ಹಿಡಿದು, "ಬಾರಲೇ! ಬಾರಲೇ!" ಎಂದು ಕೂಗುತ್ತಿದ್ದರು. ಅವರು ಸೈಕಲ್ ಹತ್ತಿ ಹೋದ ಮೇಲೆ ಜನವೂ ಅವರ ಹಿಂದೆ ಹೋಯಿತು. ಬ್ಯಾಂಡೂ ಹೋಯಿತು.

ಹೆಸರು ಕೊಟ್ಟ ಹೆಣ್ಣುಮಕ್ಕಳಲ್ಲಿ ಬಂದವಳು ನಾನೊಬ್ಬಳೇ.

"ಒಬ್ಬಾಕಿ ಸಲುವಾಗಿ ಯಾಕ ಮಾಸ್ತರ, ಬಿಡ್ರಿ. ಯಾರ ಮ್ಯಾಲೆ ಗೆಲ್ತಾಳ ಅಕಿ?" ಎಂದರು ಪಂದ್ಯ ನಡೆಸುತ್ತಿದ್ದ ಸಂಘದವರೊಬ್ಬರು.

ಟಿಪ್ಪುಸಾಬರು ನನ್ನ ಕಡೆ ನೋಡಿದರು. "ಏನಂತಿ ತಂಗಿ?"

ನಾನು ಮೆಟ್ಟಿಲ ಮೇಲೆ ಹೋಗಿ ನಿಂತೆ.

"ಸೈಕಲ್ ಯಾರ ಹಿಡೀತಾರ?"

"ಬರ್ತಾರ್ರಿ," ಎಂದೆ. ಸೈಕಲ್ಲನ್ನು ಮೊದಲೇ ಮುಂದಿನ ಸೇತುವೆಯ ಬಳಿ, ಬಲದಂಡೆಯ ಜಾಲಿ ಮರಕ್ಕೆ ಒರಗಿಸಿ, ಟವೆಲನ್ನು ಅದರ ಮೇಲಿಟ್ಟು ಬಂದಿದ್ದೆ. ಬಂದವರಿಗೆ ಕಾಣಲಿ ಎಂದು.

ಅವರು ಸೀಟಿ ಊದಿದರು. ನೀರು ಮೈಗೆ ಚೂರಿಯಂತೆ ತಾಗಿತು. ಹಿಡಿದ ಉಸಿರು ಬಿಡಲು ಆಗಲಿಲ್ಲ. ಅಪ್ಪ ಹೇಳಿದಂತೆ ನೀರು ಎಳೆಯಿತು, ನಾನು ಬೆನ್ನು ಹತ್ತಿದೆ. ಕೈ ಬೀಸಿದೆ, ಕಾಲು ಬಡಿದೆ, ನೆಟ್ಟಗೆ ಹೋಗುತ್ತಿದ್ದೇನೆ ಎಂದೇ ತಿಳಿದಿದ್ದೆ. ಎಡಗೈ ಕಲ್ಲಿಗೆ ಉಜ್ಜಿತು. ನೋಡಿದರೆ ಎಡದಂಡೆ. ನಡುವಿಗೆ ಬಂದು ಮತ್ತೆ ಹೊರಟೆ. ಮತ್ತೆ ಎಡದಂಡೆ. ಮೊಣಕೈ ಸುಲಿಯಿತು. ಮುಳುಗುವವರಿಗೆ ಎಸೆಯಲು ಗಾಳಿ ತುಂಬಿದ ಟ್ಯೂಬು ಹಿಡಿದು ಏರಿಯ ಮೇಲೆ ನಿಂತಿದ್ದವನು, "ಎಲ್ಲಿಗೆ ಹೊಂಟಿಯಬೇ, ಬಲಕ್ಕ ಬಾ!" ಎಂದು ಕೂಗಿದ.

ಆಗ ಹೊಳೆಯಿತು. ನಾನು ಬಾವಿಯಲ್ಲಿ ಈಜುತ್ತಿದ್ದೆ. ಬಲಗೈಗೆ ಗೋಡೆ ಇದೆ ಎಂದುಕೊಂಡು ಮೈ ತಾನೇ ಎಡಕ್ಕೆ ಸುತ್ತು ತಿರುಗುತ್ತಿತ್ತು. ಅಷ್ಟು ವರ್ಷ ಈಜಿದ್ದೇನೆ, ಆದರೆ ಒಂದು ಸಲವೂ ಎಲ್ಲಿಂದಲೋ ಎಲ್ಲಿಗೋ ಹೋಗಿರಲಿಲ್ಲ. ಹೊರಟಲ್ಲಿಗೇ ಬರುವ ಈಜು ಅದು. ನೀರು ಕುಡಿದೆ. ಮೂಗು ಉರಿಯಿತು. ಕೂಗಿದರೆ ಟ್ಯೂಬು ಎಸೆಯುತ್ತಿದ್ದರು. ಕೂಗಲಿಲ್ಲ. ನೀರಿಗೆ ಅಡ್ಡಲಾಗಿ ಕೈ ಹೊಡೆದು ಬಲದಂಡೆಗೆ ಹೋದೆ. ಅಲ್ಲಿಯ ಕಲ್ಲುಗಳನ್ನು ಬಲಗೈಗೆ ಒಂದು ಮೊಳ ದೂರ ಇಟ್ಟುಕೊಂಡು, ಅವನ್ನೇ ನೋಡುತ್ತ ಮುಂದೆ ಸಾಗಿದೆ.

ಸೇತುವೆ ಕಂಡಿತು. ಮಂಜಿನಲ್ಲಿ ಜಾಲಿ ಮರ ಕಂಡಿತು. ಮರದ ಕೆಳಗೆ ಕೆಂಪು ರುಮಾಲಿನವರೊಬ್ಬರು ಸೈಕಲ್ ಹಿಡಿದು ನಿಂತಿದ್ದರು. ಅಪ್ಪನದೂ ಕೆಂಪು ರುಮಾಲು. ಕೈಗೆ ಎಲ್ಲಿಂದ ಬಲ ಬಂತೋ, ಉಳಿದ ದೂರ ನಾನು ಈಜಿದ್ದೇ ಗೊತ್ತಾಗಲಿಲ್ಲ. ಮೆಟ್ಟಿಲು ಹಿಡಿದು, ಕೆಮ್ಮುತ್ತ, ನಾಲ್ಕು ಕಾಲಿನಲ್ಲಿ ಮೇಲೆ ಹತ್ತಿದೆ.

"ನಿಂದೇನವಾ ಇದು?" ಎಂದ ಆತ. ಮೇಕೆ ಕಾಯುವ ಮುದುಕ, ನಾನು ಎಂದೂ ನೋಡದ ಮುಖ. "ಬಿದ್ದಿತ್ತು. ಮ್ಯಾಕಿ ತುಳದಾವು ಅಂತ ಎತ್ತಿ ಹಿಡದೆ. ತಗೋ." ಸೈಕಲ್ ನನ್ನ ಕೈಗೆ ಕೊಟ್ಟು, ಮೇಕೆಗಳನ್ನು ಹುಯ್ಯೆಂದು ಹೊಡೆದುಕೊಂಡು ಹೋದ.

ಟವೆಲ್ ಕೆಸರಲ್ಲಿ ಬಿದ್ದಿತ್ತು. ಚೈನು ಕಳಚಿತ್ತು. ನಾನು ಸೇತುವೆಯ ಎರಡೂ ಬದಿಗೆ ನೋಡಿದೆ. ತೂಬಿನ ಕಡೆಯಿಂದ ಯಾರೂ ಬರುತ್ತಿರಲಿಲ್ಲ. ಗಂಗಾವತಿಯ ರಸ್ತೆಯಿಂದಲೂ ಇಲ್ಲ. ಚಳಿಗೆ ಬೆರಳು ಮಡಚುತ್ತಿರಲಿಲ್ಲ. ಕಡ್ಡಿಯಿಂದ ಚೈನು ಎತ್ತಿ ಚಕ್ರದ ಹಲ್ಲಿಗೆ ಕೂರಿಸಿ, ಪೈಪಿನೊಳಗೆ ಕಾಲು ತೂರಿಸಿ ಹೊರಟೆ.

ಏರಿಯ ಮೇಲೆ ನಾನೊಬ್ಬಳೇ. ಒದ್ದೆ ಸೀರೆಗೆ ಗಾಳಿ ಬಡಿದು ಹಲ್ಲು ಕಟಕಟ ಎನ್ನುತ್ತಿತ್ತು. ಸಸಿ ನಾಟಿ ಮಾಡುತ್ತಿದ್ದ ಹೆಂಗಸರು ನಡು ನೆಟ್ಟಗೆ ಮಾಡಿ ನೋಡಿದರು. "ಯಾರ ಸೈಕಲ್ ಕದ್ದು ಓಡಾಕತ್ತಿಯಬೇ?" ಎಂದು ಒಬ್ಬಳು ಕೂಗಿದಳು, ಉಳಿದವರು ನಕ್ಕರು. ಮುಂದಿನ ಊರಿನ ಗಡಿಕಲ್ಲು ಸುತ್ತಿ ತಿರುಗುವಾಗ ಮೆಹರುನಬಿ ಇದ್ದಿದ್ದರೆ ಬೀಳುತ್ತಿದ್ದಳು ಎನಿಸಿತು. ನಾನು ಬೀಳಲಿಲ್ಲ. ಬೀಳಬೇಕಿತ್ತು ಎಂದೂ ಒಮ್ಮೆ ಎನಿಸಿತು, ಯಾರಾದರೂ ಎತ್ತಲು ಬರುತ್ತಿದ್ದರು.

ಸೇತುವೆಗೆ ಮರಳಿ ಬಂದಾಗಲೂ ಜಾಲಿ ಮರದ ಕೆಳಗೆ ಯಾರೂ ಇರಲಿಲ್ಲ. ಸೈಕಲ್ ಒರಗಿಸಿ ಓಡತೊಡಗಿದೆ. ಗದ್ದೆಯ ಬದುವಿನಿಂದ ಶಾಲೆಯ ಬಯಲಿಗೆ ದಾರಿ. ಬರಿಗಾಲು ಮರಗಟ್ಟಿ, ಮುಳ್ಳು ಚುಚ್ಚಿದ್ದೂ ತಿಳಿಯಲಿಲ್ಲ. ಪಕ್ಕೆ ಹಿಡಿದುಕೊಂಡಿತು. ಬೆಳಿಗ್ಗೆ ಏನೂ ತಿಂದಿರಲಿಲ್ಲ. ಹಿಂದಿನ ರಾತ್ರಿಯೂ.

ಬಯಲಿಗೆ ಬಂದರೆ ಶಾಮಿಯಾನ ಬಿಚ್ಚುತ್ತಿದ್ದರು. ಗಂಡಸರ ಬಹುಮಾನ ಮುಗಿದಿತ್ತು, ಜೀಪು ಹೋಗಿತ್ತು. ಸುಣ್ಣದ ಗೆರೆಯ ಅರ್ಧವನ್ನು ದನಗಳು ತುಳಿದು ಅಳಿಸಿದ್ದವು. ಉಳಿದ ಅರ್ಧದ ಮೇಲೆ ಟಿಪ್ಪುಸಾಬರು ನಿಂತಿದ್ದರು. ನಾನು ಗೆರೆ ದಾಟಿದ ಕೂಡಲೇ ಅವರು ಸೀಟಿಯನ್ನು ಉದ್ದಕ್ಕೆ ಊದಿದರು. ಕುರ್ಚಿ ಎತ್ತುತ್ತಿದ್ದವರು ತಿರುಗಿ ನೋಡಿ ಮತ್ತೆ ಕುರ್ಚಿ ಎತ್ತಿದರು.

"ಶಾಬಾಸ್ ತಂಗಿ. ಬರಂಗಿಲ್ಲ ಅಂದಿದ್ರು ಇವರು." ಮೇಜಿನ ಮೇಲೆ ಒಂದು ಸ್ಟೀಲ್ ತಾಟು, ಒಂದು ಬಟ್ಟಲು, ಒಂದು ಲೋಟ ಉಳಿದಿದ್ದವು. ಅವರು ಮೂರನ್ನೂ ನನ್ನ ಕೈಗಿಟ್ಟರು. "ಮೊದಲನೇದು, ಎರಡನೇದು, ಮೂರನೇದು. ಎಲ್ಲಾ ನಿಂದ. ಹೆಣ್ಮಕ್ಕಳದಂತ ಇಟ್ಟಿದ್ದನ್ನ ನಾ ಯಾರಿಗೆ ಕೊಡ್ಲಿ?" ನಗಲು ನೋಡಿದರು. "ಮನಿಯವರು ಎಲ್ಲಿ?"

"ಸೈಕಲ್ ಹತ್ರ ಅದಾರ್ರಿ," ಎಂದೆ.

ನಡೆದು ಸೇತುವೆಗೆ ಹೋದೆ. ಸೈಕಲ್ ಮತ್ತೆ ಬಿದ್ದಿತ್ತು, ಚೈನು ಮತ್ತೆ ಕಳಚಿತ್ತು. ಈ ಸಲ ಹಾಕಲು ಹೋಗಲಿಲ್ಲ. ತಾಟು, ಬಟ್ಟಲು, ಲೋಟವನ್ನು ಕೆಸರಾದ ಟವೆಲಿನಲ್ಲಿ ಗಂಟು ಕಟ್ಟಿ ಹ್ಯಾಂಡಲ್ಲಿಗೆ ತೂಗುಹಾಕಿ, ತಳ್ಳಿಕೊಂಡು ಮನೆಗೆ ಬಂದೆ.

ಮಧ್ಯಾಹ್ನದ ಊಟದ ಹೊತ್ತು. ಅಪ್ಪ ತನ್ನ ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದ. ಅಣ್ಣ ಅರ್ಧ ದಿನಕ್ಕೆ ಮಿಲ್ಲಿನಿಂದ ಬಂದು ತನ್ನ ಬಾಗಿಲಲ್ಲಿ ಕೈ ತೊಳೆಯುತ್ತಿದ್ದ. ನಡುವಿನ ಕಟ್ಟೆಯ ಮೇಲೆ ಅಜ್ಜಿ.

"ಬಂದ್ಯಾ? ನಿಮ್ಮಣ್ಣ ಹಿಡಕೊಂಡು ನಿಂತಿದ್ನಲ್ಲ, ಛಲೋ ಆತು," ಎಂದ ಅಪ್ಪ, ಆಚೆ ಬದಿಗೂ ಕೇಳಲೆಂದು.

"ನಾ ಎಲ್ಲಿ ಹೋಗಿದ್ದೆ?" ಅಣ್ಣ ನನ್ನತ್ತ ತಿರುಗಿದ. "ಅಪ್ಪ ಬರ್ತಾನಂತ ನೀನ ಹೇಳಿದ್ದೆಲ್ಲ?"

"ಆತಾತು, ಇನ್ನ ಅದಕ್ಕೊಂದು ಜಗಳ ತಗೀಬ್ಯಾಡ್ರಿ," ಎಂದಳು ಅಜ್ಜಿ. "ಹುಡುಗಿ ಎಲ್ಲೋ ಉಂಡು ಬಂದಾಳ. ಅಲ್ಲಿ ಹಾಕಿರ್ತಾರ. ಹಾಕ್ಯಾರಲ್ಲೇನ?"

ನಾನು ಸೈಕಲ್ಲನ್ನು ಅಂಗಳದ ನಡುವೆ ಮಲಗಿಸಿದೆ. ಗಂಟು ಬಿಚ್ಚಿ ಸ್ಟೀಲ್ ತಾಟು ತೆಗೆದು, ಅದರ ಮೇಲೆ ನೀರು ಚಿಮುಕಿಸಿ, ನೆಲಕ್ಕಿಟ್ಟು, ಅದರ ಮುಂದೆ ಕೂತೆ.

"ಯಾರೂ ಬಂದಿದ್ದಿಲ್ಲ," ಎಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು. "ನಾ ಎಲ್ಲೂ ಉಂಡಿಲ್ಲ. ಇವತ್ತಷ್ಟ ಅಲ್ಲ. ಒಲಿ ಎರಡಾದಾಗಿಂದ ಎಷ್ಟೋ ರಾತ್ರಿ ಉಂಡಿಲ್ಲ. ಅವರು ಇಲ್ಲಿ ಉಂತಾಳಂತಾರ. ನೀವು ಅಲ್ಲಿ ಉಂಡಾಳಂತೀರಿ."

ಅತ್ತಿಗೆ ಒಳಗೆ ಪಾತ್ರೆ ಇಟ್ಟ ಸದ್ದಾಯಿತು. ಅಪ್ಪನೂ ಅಣ್ಣನೂ ನನ್ನ ಮೊಣಕೈಯ ಗಾಯ ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿದರು. ಇವನು ಎದ್ದಾನೆಂದು ಅವನು, ಅವನು ಎದ್ದಾನೆಂದು ಇವನು. ಅಷ್ಟು ಹೊತ್ತಿನಲ್ಲಿ ನನ್ನ ಸೀರೆಯ ಇನ್ನೂ ಆರದ ಮಡಿಕೆಗಳ ನೀರು ಇಂಗಿ ನಾನು ಕೂತ ಮಣ್ಣು ಒದ್ದೆಯಾಯಿತು.

ಕೊನೆಗೆ ಅಪ್ಪ ಎದ್ದ. ಒಳಗೆ ಹೋಗಿ ಬುಟ್ಟಿಯನ್ನೇ ಎತ್ತಿಕೊಂಡು ಬಂದು ತಾಟಿಗೆ ಎರಡು ರೊಟ್ಟಿ ಹಾಕಿದ. ತೂಬಿನಿಂದ ಬಂದು ಅವನೇ ಬಡಿದಿರಬೇಕು. ಒಂದು ಕಡೆ ದಪ್ಪ, ಒಂದು ಕಡೆ ಸುಟ್ಟಿತ್ತು. ಅತ್ತಿಗೆ ಆಚೆಯಿಂದ ಅನ್ನದ ಪಾತ್ರೆ ಹಿಡಿದು ಬಂದು, ಮಾವನ ಎದುರು ಸೆರಗು ಎಳೆದುಕೊಳ್ಳಲೂ ಮರೆತು, ರೊಟ್ಟಿಯ ಪಕ್ಕಕ್ಕೆ ಅನ್ನ ಬಡಿಸಿದಳು. ನಾನು ಉಣತೊಡಗಿದೆ. ಯಾವುದು ಮೊದಲು ತಿಂದೆ ಎಂದು ನೆನಪಿಲ್ಲ.

ಅಪ್ಪ ಅಲ್ಲೇ ನಿಂತಿದ್ದ. ಅವನ ಕಣ್ಣು ಸೈಕಲ್ಲಿನ ಮೇಲಿತ್ತು.

"ಚೈನು ಸಡಲ ಆಗೈತಿ," ಎಂದ. ನನಗಲ್ಲ. "ಹಿಂದಿನ ಗಾಲಿ ಒಂದೀಟು ಹಿಂದಕ್ಕ ಜಗ್ಗಬೇಕು."

ಅಣ್ಣ ಕೈ ಒರೆಸಿಕೊಂಡ. "ಪಾನ ತರ್ತೀನಿ. ನೀ ಗಾಲಿ ಹಿಡಿ."

ಅಪ್ಪ ಕುಕ್ಕರಗಾಲಲ್ಲಿ ಕೂತು ಗಾಲಿ ಹಿಡಿದ. ಅಣ್ಣ ಪಾನದಿಂದ ನಟ್ಟು ತಿರುವಿದ. ಎಡಕ್ಕೆ, ಅಲ್ಲಲ್ಲ, ಇನ್ನೊಂದೀಟು, ಸಾಕು ಬಿಡು. ಮಾತು ಶುರುವಾಯಿತು. ಸೈಕಲ್ ಎತ್ತಿ ನಿಲ್ಲಿಸಿದರು. ಒಬ್ಬರ ಕೈ ಹ್ಯಾಂಡಲ್ಲಿಗೆ, ಇನ್ನೊಬ್ಬರ ಕೈ ಸೀಟಿಗೆ. ಇಬ್ಬರ ಬೆನ್ನೂ ನನ್ನ ಕಡೆಗಿತ್ತು. ಬಟ್ಟಲು, ಲೋಟ ಎಲ್ಲಿಂದ ಬಂದವೆಂದು ಯಾರೂ ಕೇಳಲಿಲ್ಲ. ಅಜ್ಜಿ ಲೋಟ ಎತ್ತಿ ತಿರುಗಿಸಿ ನೋಡಿ, ತನ್ನ ಪಕ್ಕಕ್ಕೆ ಇಟ್ಟುಕೊಂಡಳು.

ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನನ್ನ ಎದುರಿಗೆ ಮೆಲ್ಲಗೆ ಕೂತಳು.

"ನೀರು ಭಾಳ ತಣ್ಣಗಿತ್ತೇನ?"

"ಹ್ಞೂಂ."

"ಅಂಜಿಕಿ ಬರ್ಲಿಲ್ಲ?"

ನಾನು ತುತ್ತು ನುಂಗಿದೆ.

"ಬಂತು. ಬಾಜೂಕ ಗೋಡಿ ಇದ್ದಿದ್ದಿಲ್ಲ."

ಅವಳಿಗೆ ಏನು ತಿಳಿಯಿತೋ. ಪಾತ್ರೆ ವಾಲಿಸಿ, ತಳದಲ್ಲಿದ್ದ ಅನ್ನವನ್ನೂ ನನ್ನ ತಾಟಿಗೆ ಬಳಿದು ಹಾಕಿದಳು.